ಮೊದಲ ವೆಬ್‌ಸೈಟ್: ಟೂಲ್ ಆಮೇಲೆ ನೋಡೋಣ, ಮೊದಲು ಒಂದು ಪುಟ ಬರೆಯಿರಿ

ಸ್ವಂತದ್ದೊಂದು ವೆಬ್‌ಸೈಟ್ ಮಾಡಬೇಕು ಅಂತ ಹೊರಟವರು ಮೊದಲು ಮಾಡುವ ಕೆಲಸ, ಯಾವ ಟೂಲ್ ಒಳ್ಳೆಯದು ಅಂತ ಹುಡುಕುವುದು. ವರ್ಡ್‌ಪ್ರೆಸ್ ತಗೊಳ್ಳಲಾ, ವಿಕ್ಸ್ ಸಾಕಾ, ರಿಯಾಕ್ಟ್ ಕಲಿಯದಿದ್ದರೆ ಆಗಲ್ವಾ ಅಂತ ಒಂದಾದ ಮೇಲೊಂದು ವಿಡಿಯೊ ನೋಡುತ್ತಾ ಕೂರುತ್ತಾರೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ತಲೆ ಕೆಡುತ್ತದೆ, ಕೊನೆಗೆ ಸೈಟೂ ಇಲ್ಲ ಟೂಲೂ ಇಲ್ಲ. ಇದನ್ನು ತಿರುಗಿಸಿ ಮಾಡಿದರೆ ಸುಲಭ. ಮೊದಲು ಒಂದೇ ಒಂದು ಪುಟ ಕೈಯಾರೆ ಬರೆದು ನೆಟ್ಟಿಗೆ ಹಾಕಿ. ನಿಮಗೆ ಯಾವ ಟೂಲ್ ಬೇಕು ಅನ್ನುವುದು ಆ ಪುಟ ಹಾಕಿದ ಮೇಲೆ ತಾನಾಗಿ ಗೊತ್ತಾಗುತ್ತದೆ.

ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಸರ್ನ್ ಅನ್ನುವ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರದಿಂದ ಹೊರಗಿನವರಿಗೂ ತೆರೆದಿಟ್ಟ ಮೊದಲ ವೆಬ್‌ಸೈಟಿನ ಹಳೆಯ ಪ್ರತಿಯೊಂದು ಈಗಲೂ ಸರ್ನ್ ವಿಳಾಸದಲ್ಲಿ ಇದೆ. ಬರೀ ಅಕ್ಷರ, ನಡುವೆ ಒಂದಷ್ಟು ಲಿಂಕ್, ಅಷ್ಟೆ. ಇವತ್ತಿನ ಫೋನಿನಲ್ಲೂ ತೆರೆಯುತ್ತದೆ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬರೆದದ್ದಕ್ಕೆ ಆಯಸ್ಸು ಜಾಸ್ತಿ, ಹೊಸಬರು ಅಲ್ಲಿಂದ ಶುರು ಮಾಡಲಿ ಅನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದೇ.

ಕಂಪ್ಯೂಟರ್ ತೆರೆಯುವ ಮೊದಲು

ಒಂದು ಕಾಗದ ತಗೊಂಡು ಪುಟದಲ್ಲಿ ಏನಿರಬೇಕು ಅಂತ ಬರೆಯಿರಿ. ನೀವು ಯಾರು, ಏನು ಮಾಡುತ್ತೀರಿ, ತೋರಿಸಲು ಏನಿದೆ, ಸಂಪರ್ಕಿಸುವುದು ಹೇಗೆ. ಇಷ್ಟು ಸಾಕು. ಬಣ್ಣ, ಲೋಗೊ ಎಲ್ಲ ಈಗ ಬೇಡ. ಸಂಪರ್ಕಕ್ಕೆ ಇಮೇಲ್ ಕೊಡಿ, ಮನೆ ವಿಳಾಸ, ಫೋನ್ ನಂಬರ್ ಹಾಕಬೇಡಿ. ಒಮ್ಮೆ ನೆಟ್ಟಿಗೆ ಹೋದದ್ದನ್ನು ಪೂರ್ತಿ ವಾಪಸ್ ತರುವುದು ಕಷ್ಟ.

ಮೂರು ದಾರಿ

ವಿಕ್ಸ್, ಸ್ಕ್ವೇರ್‌ಸ್ಪೇಸ್, ಗೂಗಲ್ ಸೈಟ್ಸ್ ಥರದ ಬಿಲ್ಡರ್‌ಗಳಲ್ಲಿ ಮೌಸ್‌ನಿಂದ ಎಳೆದು ಕೂರಿಸಿದರೆ ಪುಟ ರೆಡಿ. ಬೇಗ ಆಗುತ್ತದೆ, ಸುಂದರವಾಗಿಯೂ ಇರುತ್ತದೆ. ತೊಂದರೆ ಬರುವುದು ಅಲ್ಲಿಂದ ಹೊರಡುವಾಗ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿಕೊಂಡು ಬೇರೆ ಹೋಸ್ಟಿಂಗ್‌ಗೆ (ಸೈಟ್ ಇಡಲು ನೆಟ್ಟಿನಲ್ಲಿ ಜಾಗ ಕೊಡುವ ಸೇವೆಗೆ) ಹೋಗಲು ಆಗುವುದಿಲ್ಲ, ಮತ್ತೆ ಮೊದಲಿಂದ ಕಟ್ಟಬೇಕು. 2009ರಲ್ಲಿ ಯಾಹೂ ತನ್ನ ಜಿಯೊಸಿಟೀಸ್ ಸೇವೆ ನಿಲ್ಲಿಸಿದಾಗ ಲಕ್ಷಾಂತರ ವೈಯಕ್ತಿಕ ಪುಟಗಳು ಅಲ್ಲಿಂದ ಮಾಯವಾದವು. ಇಂಟರ್‌ನೆಟ್ ಆರ್ಕೈವ್‌ನಂಥವರು ಒಂದಷ್ಟನ್ನು ಉಳಿಸಿಕೊಂಡರು. ತಮ್ಮ ಫೈಲುಗಳನ್ನು ತಾವೇ ಇಟ್ಟುಕೊಂಡಿದ್ದವರು ಮಾತ್ರ ನಿಶ್ಚಿಂತೆಯಿಂದ ಬೇರೆ ಕಡೆ ಹಾಕಿಕೊಳ್ಳಬಹುದಿತ್ತು. ಹಾಗಾಗಿ ಯಾವ ಸೇವೆಗೆ ಸೇರುವಾಗಲೂ ಕೇಳಬೇಕಾದ ಮೊದಲ ಪ್ರಶ್ನೆ: ನಾಳೆ ನಾನು ಹೊರಡಬೇಕಾದರೆ ಏನನ್ನು ಜೊತೆಗೆ ಕೊಂಡೊಯ್ಯಬಹುದು?

ಎರಡನೆಯದು ವರ್ಡ್‌ಪ್ರೆಸ್, ಕೋಡ್ ಮುಟ್ಟದೆ ಬರಹ ಹಾಕಿ ಸೈಟ್ ನಡೆಸುವ ಸಾಫ್ಟ್‌ವೇರ್. 2003ರಿಂದ ಇದೆ, ಜಗತ್ತಿನ ಸೈಟುಗಳಲ್ಲಿ ಶೇ 40ಕ್ಕಿಂತ ಹೆಚ್ಚು ಅದರ ಮೇಲೇ ನಡೆಯುತ್ತವೆ. ಆಗಾಗ ಹೊಸ ಬರಹ ಹಾಕುವವರಿಗೆ, ನಾಲ್ಕು ಜನ ಸೇರಿ ನಡೆಸುವ ಸೈಟಿಗೆ ಬಹಳ ಒಳ್ಳೆಯದು. ಒಂದು ಗೊಂದಲ ಮಾತ್ರ ಮೊದಲೇ ಬಿಡಿಸಿಕೊಳ್ಳಿ. ವರ್ಡ್‌ಪ್ರೆಸ್ ಡಾಟ್ ಕಾಮ್ ಅಂದರೆ ಅವರೇ ಜಾಗ ಕೊಟ್ಟು ನಡೆಸುವ ಸೇವೆ. ಡಾಟ್ ಆರ್ಗ್‌ನಲ್ಲಿ ಸಿಗುವುದು ಉಚಿತ ಸಾಫ್ಟ್‌ವೇರ್, ಜಾಗ ನೀವೇ ಬಾಡಿಗೆಗೆ ಹಿಡಿದು ಹಾಕಿಕೊಳ್ಳಬೇಕು. ಹಾಗೆ ನೀವೇ ಹಾಕಿಕೊಂಡರೆ ಪ್ಲಗಿನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವುದು, ಬ್ಯಾಕಪ್ ತೆಗೆಯುವುದೂ ನಿಮ್ಮದೇ ಜವಾಬ್ದಾರಿ. ವರ್ಷಕ್ಕೆ ಎರಡು ಸಲ ತಿದ್ದುವ ಸೈಟಿಗೆ ಇಷ್ಟೆಲ್ಲ ಯಾಕೆ?

ಮೂರನೆಯದು ಎಚ್‌ಟಿಎಂಎಲ್, ಜೊತೆಗೆ ಪುಟದ ಬಣ್ಣ, ಅಳತೆ, ಅಲಂಕಾರ ಹೇಳುವ ಸಿಎಸ್‌ಎಸ್ ಕಲಿತು ಕೈಯಾರೆ ಬರೆಯುವುದು. ಇಲ್ಲಿಂದ ಮುಂದೆ ಹೇಳುವುದೆಲ್ಲ ಇದರದ್ದೇ.

ಫೈಲ್ ಮಾಡುವುದು

ಬರೆಯಲು ಒಂದು ಟೆಕ್ಸ್ಟ್ ಎಡಿಟರ್ ಬೇಕು. ವಿಂಡೋಸ್‌ನ ನೋಟ್‌ಪ್ಯಾಡೇ ಸಾಕು, ಆದರೆ ವಿಎಸ್ ಕೋಡ್ ಹಾಕಿಕೊಳ್ಳುವುದು ಉತ್ತಮ. ಉಚಿತ, ಟ್ಯಾಗ್‌ಗಳನ್ನು (ಇದು ಶೀರ್ಷಿಕೆ, ಇದು ಪ್ಯಾರಾ ಅಂತ ಹೇಳುವ ಎಚ್‌ಟಿಎಂಎಲ್ ಗುರುತುಗಳನ್ನು) ಬಣ್ಣದಲ್ಲಿ ತೋರಿಸುತ್ತದೆ, ಶುರು ಮಾಡಿದ ಟ್ಯಾಗನ್ನು ತಾನೇ ಮುಚ್ಚುತ್ತದೆ. ಮೈಕ್ರೊಸಾಫ್ಟ್ ವರ್ಡ್‌ನಲ್ಲಿ ಮಾತ್ರ ಬರೆಯಬೇಡಿ. ಅದು ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ, ಕೋಡ್‌ಗೆ ಅದು ಆಗಿಬರುವುದಿಲ್ಲ.

ಒಂದು ಫೋಲ್ಡರ್ ಮಾಡಿ, ಅದರೊಳಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ (index.html) ಅನ್ನುವ ಹೆಸರಿನ ಫೈಲ್ ಉಳಿಸಿ. ಹೆಸರು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಇರಲಿ. ಯಾರಾದರೂ ನಿಮ್ಮ ಸೈಟಿನ ವಿಳಾಸ ಹೊಡೆದಾಗ ಸರ್ವರ್ (ಸೈಟಿನ ಫೈಲುಗಳನ್ನು ಇಟ್ಟು ಕಳಿಸುವ ಕಂಪ್ಯೂಟರ್) ಮೊದಲು ಹುಡುಕುವುದು ಈ ಹೆಸರಿನ ಫೈಲನ್ನೇ. ನೋಟ್‌ಪ್ಯಾಡ್ ಬಳಸುವವರಿಗೆ ಇಲ್ಲೊಂದು ಗುಂಡಿ ಕಾದಿದೆ: ಅದು ಹೆಸರಿನ ಕೊನೆಗೆ ಸದ್ದಿಲ್ಲದೆ ಡಾಟ್ ಟಿಎಕ್ಸ್‌ಟಿ ಅಂತ ಸೇರಿಸಿಬಿಡಬಹುದು, ವಿಂಡೋಸ್ ಅದನ್ನು ನಿಮಗೆ ತೋರಿಸುವುದೂ ಇಲ್ಲ. ಡಬಲ್ ಕ್ಲಿಕ್ ಮಾಡಿದರೆ ಪುಟದ ಬದಲು ಮತ್ತೆ ನೋಟ್‌ಪ್ಯಾಡೇ ತೆರೆದುಕೊಂಡರೆ ಕಾರಣ ಇದು. ಉಳಿಸುವಾಗ ಫೈಲ್ ಬಗೆ ಅನ್ನುವಲ್ಲಿ ಎಲ್ಲ ಫೈಲ್‌ಗಳು ಅಂತ ಆರಿಸಿಕೊಳ್ಳಿ.

ಒಂದು ಎಚ್‌ಟಿಎಂಎಲ್ ಪುಟಕ್ಕೆ ಎರಡು ಭಾಗ. ಹೆಡ್ ಅನ್ನುವುದು ಬ್ರೌಸರ್‌ಗೆ ಹೇಳುವ ಮಾತು, ಬಾಡಿ ಅನ್ನುವುದು ಓದುವವರಿಗೆ ಕಾಣುವ ಭಾಗ. ಬಾಡಿಗೆ ಸದ್ಯ ನಾಲ್ಕು ಟ್ಯಾಗ್ ಕಲಿತರೆ ಸಾಕು: ಶೀರ್ಷಿಕೆಗೆ ಎಚ್1, ಪ್ಯಾರಾಗೆ ಪಿ, ಲಿಂಕ್‌ಗೆ ಎ, ಚಿತ್ರಕ್ಕೆ ಐಎಂಜಿ. ಹೆಡ್‌ನಲ್ಲಿ ಟೈಟಲ್ ಜೊತೆ ಎರಡು ಸಾಲು ಮರೆಯಬಾರದು. ಒಂದು, ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸು ಅಂತ ಹೇಳುವ ವ್ಯೂಪೋರ್ಟ್ ಸಾಲು. ಅದಿಲ್ಲದಿದ್ದರೆ ಫೋನ್ ನಿಮ್ಮ ಪುಟವನ್ನು ಕಂಪ್ಯೂಟರ್ ಪುಟ ಅಂದುಕೊಂಡು ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತದೆ, ಓದುವವರು ಎರಡು ಬೆರಳಲ್ಲಿ ಹಿಗ್ಗಿಸಿಕೊಂಡು ಓದಬೇಕು.

ಇನ್ನೊಂದು ಕ್ಯಾರೆಕ್ಟರ್ ಸೆಟ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿ, ಯುಟಿಎಫ್-8 ಅಂತ ಹೇಳುವ ಸಾಲು. ಕನ್ನಡದಲ್ಲಿ ಬರೆಯುವವರಿಗೆ ಇದು ಪ್ರಾಣ. ಯುಟಿಎಫ್-8ರಲ್ಲಿ ಕನ್ನಡದ ಕ ಅನ್ನುವ ಒಂದು ಅಕ್ಷರಕ್ಕೆ ಮೂರು ಬೈಟ್ ಬೇಕು. ಈ ಸಾಲು ಇಲ್ಲದಿದ್ದರೆ ಬ್ರೌಸರ್ ಊಹೆ ಮಾಡುತ್ತದೆ, ಊಹೆ ತಪ್ಪಿದರೆ ಆ ಮೂರು ಬೈಟನ್ನೂ ಬೇರೆಬೇರೆ ಅಕ್ಷರ ಅಂದುಕೊಂಡು ತಲೆಯ ಮೇಲೆ ಗೀಟು ಇರುವ ಯುರೋಪಿನ ಅಕ್ಷರಗಳನ್ನೂ ಏನೇನೋ ಚಿಹ್ನೆಗಳನ್ನೂ ಸಾಲುಸಾಲಾಗಿ ಸುರಿಯುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಬರಹ ನಿಮ್ಮಲ್ಲಿದ್ದರೆ ಅದನ್ನು ಮೊದಲು ಯುನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿಗೆ) ಬದಲಿಸಿಕೊಳ್ಳಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದವರ ಪರದೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಉಳಿಸಿ, ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ. ಬ್ರೌಸರ್‌ನಲ್ಲಿ ನಿಮ್ಮ ಪುಟ. ತಿದ್ದಿ, ಉಳಿಸಿ, ರಿಫ್ರೆಶ್ ಮಾಡಿ. ಕಲಿಕೆ ಅಂದರೆ ಇದೇ ಮೂರು ಕೆಲಸವನ್ನು ಮತ್ತೆ ಮತ್ತೆ ಮಾಡುವುದು.

ಚಿತ್ರ ಕಾಣಿಸುತ್ತಿಲ್ಲ!

ಹೊಸಬರು ಅತಿ ಹೆಚ್ಚು ಒದ್ದಾಡುವುದು ಇಲ್ಲಿ. ನಿಮ್ಮ ಕಂಪ್ಯೂಟರ್‌ನಲ್ಲಿ ಚೆಂದ ಕಾಣುತ್ತದೆ, ನೆಟ್ಟಿಗೆ ಹಾಕಿದ ಕೂಡಲೇ ಚಿತ್ರದ ಜಾಗದಲ್ಲಿ ಮುರಿದ ಚೌಕ. ಸಾಮಾನ್ಯವಾಗಿ ಕಾರಣ ಎರಡೇ. ಚಿತ್ರದ ದಾರಿಯನ್ನು ಸಿ ಡ್ರೈವ್‌ನಿಂದ ಶುರು ಮಾಡಿ ಬರೆದಿರುತ್ತೀರಿ, ಬೇರೆಯವರ ಕಂಪ್ಯೂಟರ್‌ಗೆ ನಿಮ್ಮ ಸಿ ಡ್ರೈವ್ ಹೇಗೆ ಸಿಗಬೇಕು? ಚಿತ್ರವನ್ನು ಸೈಟಿನ ಫೋಲ್ಡರ್ ಒಳಗೇ ಇಟ್ಟು ಬರೀ ಫೈಲ್ ಹೆಸರು ಬರೆಯಿರಿ. ಎರಡನೆಯದು ದೊಡ್ಡಕ್ಷರ, ಸಣ್ಣಕ್ಷರದ ಜಗಳ. ಕ್ಯಾಮೆರಾ ಚಿತ್ರಗಳ ಕೊನೆಗೆ ಜೆಪಿಜಿ ಅಂತ ದೊಡ್ಡಕ್ಷರದಲ್ಲಿ ಇರುವುದುಂಟು, ನೀವು ಕೋಡ್‌ನಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೀರಿ. ವಿಂಡೋಸ್‌ಗೆ ಎರಡೂ ಒಂದೇ. ಆದರೆ ಹೆಚ್ಚಿನ ಸರ್ವರ್‌ಗಳು ಲಿನಕ್ಸ್‌ನಲ್ಲಿ ನಡೆಯುತ್ತವೆ, ಅದಕ್ಕೆ ಎರಡೂ ಬೇರೆಬೇರೆ ಫೈಲ್. ಎಲ್ಲ ಹೆಸರನ್ನೂ ಸಣ್ಣಕ್ಷರದಲ್ಲಿ, ಜಾಗ ಬಿಡದೆ ಇಡುವ ಅಭ್ಯಾಸ ಮಾಡಿಕೊಂಡರೆ ಈ ಕಾಟವೇ ಇರುವುದಿಲ್ಲ.

ಫೋನಿನಲ್ಲಿ ತೆಗೆದ ಫೋಟೊ ಹಲವು ಎಂಬಿ ಇರುತ್ತದೆ, ಹಾಗೇ ಹಾಕಬೇಡಿ. ಸ್ಕ್ವೂಶ್ ಅನ್ನುವ ಗೂಗಲ್‌ನ ಉಚಿತ ಟೂಲ್ ಬ್ರೌಸರ್‌ನಲ್ಲೇ ಓಡುತ್ತದೆ, ಅದರಲ್ಲಿ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ. ಚಿತ್ರದಲ್ಲಿ ಏನಿದೆ ಅಂತ ಐಎಂಜಿ ಟ್ಯಾಗ್ ಒಳಗಿನ ಆಲ್ಟ್ (alt) ಅನ್ನುವಲ್ಲಿ ಒಂದು ಸಾಲು ಬರೆಯಿರಿ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನೇ ಓದಿ ಹೇಳುವುದು.

ಅಲಂಕಾರ, ಸ್ವಲ್ಪವೇ

ಸಿಎಸ್‌ಎಸ್‌ಗೆ ಕೊನೆ ಇಲ್ಲ, ಆದರೆ ಒಂದು ಓದುವ ಪುಟಕ್ಕೆ ನಾಲ್ಕೈದು ಸಾಲು ಸಾಕು. ಪುಟದ ಗರಿಷ್ಠ ಅಗಲ ಸುಮಾರು 40 ರೆಮ್ (ಅಕ್ಷರದ ಗಾತ್ರವನ್ನು ಆಧರಿಸಿದ ಅಳತೆ), ಪುಟ ನಡುವೆ ಕೂರಲು ಎರಡೂ ಬದಿ ಆಟೊ ಮಾರ್ಜಿನ್, ಬಿಳಿ ಅಥವಾ ತಿಳಿ ಹಿನ್ನೆಲೆ, ಕಪ್ಪು ಅಕ್ಷರ, ನೋಟೊ ಸಾನ್ಸ್ ಕನ್ನಡದಂಥ ಫಾಂಟ್. ಸಾಲುಗಳ ಅಂತರದ ಬಗ್ಗೆ ಒಂದು ಮಾತು. ಇಂಗ್ಲಿಷ್ ಪಾಠಗಳಲ್ಲಿ ಲೈನ್ ಹೈಟ್ 1.5 ಇಡಿ ಅಂತ ಹೇಳುತ್ತಾರೆ. ಕನ್ನಡಕ್ಕೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು ಇರುವುದರಿಂದ 1.7ರ ಸುತ್ತ ಇಟ್ಟರೆ ಕಣ್ಣಿಗೆ ಹಿತ. ಇಟಾಲಿಕ್ ಬಳಸಲೇಬೇಡಿ ಅನ್ನುತ್ತೇನೆ. ಬಹುಪಾಲು ಕನ್ನಡ ಫಾಂಟ್‌ಗಳಲ್ಲಿ ನಿಜವಾದ ಇಟಾಲಿಕ್ ಇಲ್ಲ, ಬ್ರೌಸರ್ ಸುಮ್ನೆ ಅಕ್ಷರಗಳನ್ನು ವಾಲಿಸಿಬಿಡುತ್ತದೆ.

ಕಲಿಯಲು ಎಂಡಿಎನ್ ಅನ್ನುವ ಉಚಿತ ತಾಣ ಎಲ್ಲಕ್ಕಿಂತ ನಂಬಿಕಸ್ಥ. ಅದಕ್ಕಿಂತ ಮಜಾ ಬೇಕಾದರೆ ನಿಮಗೆ ಇಷ್ಟವಾದ ಯಾವುದೇ ಸೈಟ್ ತೆರೆದು ಎಫ್12 ಒತ್ತಿ. ಅದರ ಕೋಡ್ ಪಕ್ಕದಲ್ಲೇ ಬಿಚ್ಚಿಕೊಳ್ಳುತ್ತದೆ, ಬಣ್ಣ ಬದಲಿಸಿ ನೋಡಬಹುದು, ಬದಲಾವಣೆ ನಿಮ್ಮ ಪರದೆಗೆ ಮಾತ್ರ. ಬ್ರೌಸರ್ ನಿಮ್ಮ ತಪ್ಪುಗಳನ್ನು ನುಂಗಿಕೊಂಡು ಹೇಗೋ ತೋರಿಸಿಬಿಡುತ್ತದೆ, ಆದ್ದರಿಂದ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ, ತಪ್ಪು ಹಿಡಿದು ತೋರಿಸುವ ವ್ಯಾಲಿಡೇಟರ್‌ನಲ್ಲಿ ಒಮ್ಮೆ ಪರೀಕ್ಷಿಸಿ. ಎಐ ಕೈಲಿ ಕೋಡ್ ಬರೆಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಪ್ರತಿ ಸಾಲೂ ಏನು ಮಾಡುತ್ತದೆ ಅಂತ ಅದರಿಂದಲೇ ಹೇಳಿಸಿ, ಅರ್ಥವಾಗದ ಸಾಲನ್ನು ಅಳಿಸಿ ಏನಾಗುತ್ತದೆ ನೋಡಿ. ಪುಟಕ್ಕೆ ಚಲನೆ, ಲೆಕ್ಕಾಚಾರ ಸೇರಿಸುವ ಜಾವಾಸ್ಕ್ರಿಪ್ಟ್ ಭಾಷೆ ಈಗ ಬೇಡ.

ನೆಟ್ಟಿಗೆ ಏರಿಸುವುದು

ಇದಕ್ಕೆ ದುಡ್ಡು ಬೇಕಾಗಿಲ್ಲ. ಗಿಟ್‌ಹಬ್ ಪೇಜಸ್, ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್, ನಿಯೊಸಿಟೀಸ್ ಎಲ್ಲದರಲ್ಲೂ ಉಚಿತ ಜಾಗ ಉಂಟು, ಬೀಗದ ಗುರುತಿನ ಸುರಕ್ಷಿತ ಸಂಪರ್ಕ, ಎಚ್‌ಟಿಟಿಪಿಎಸ್ ಕೂಡ ಅದರ ಜೊತೆಗೇ ಬರುತ್ತದೆ. ಎಲ್ಲಕ್ಕಿಂತ ಸುಲಭದ್ದು ನೆಟ್ಲಿಫೈ ಡ್ರಾಪ್: ಫೋಲ್ಡರ್ ಎಳೆದು ಬ್ರೌಸರ್ ಮೇಲೆ ಬಿಟ್ಟರೆ ಆಯಿತು. ಗಿಟ್‌ಹಬ್‌ಗೆ ಸ್ವಲ್ಪ ಕಲಿಯಬೇಕು, ಆದರೆ ನೀವು ಮಾಡಿದ ಒಂದೊಂದು ಬದಲಾವಣೆಯೂ ಅಲ್ಲಿ ದಾಖಲಾಗುತ್ತದೆ, ಹಿಂದಿನ ರೂಪಕ್ಕೆ ಮರಳಬಹುದು. ಅದೇ ಕಾರಣಕ್ಕೆ ಎಚ್ಚರವೂ ಬೇಕು. ಉಚಿತ ಖಾತೆಯಲ್ಲಿ ಪೇಜಸ್ ಬಳಸಬೇಕಾದರೆ ರೆಪೊಸಿಟರಿ (ಅಲ್ಲಿ ನಿಮ್ಮ ಫೈಲುಗಳೂ ಅವುಗಳ ಇತಿಹಾಸವೂ ಇರುವ ಕಣಜ) ಎಲ್ಲರಿಗೂ ಕಾಣುವಂತೆ ಇರಬೇಕು, ಫೈಲ್ ಅಳಿಸಿದರೂ ಅದರ ಹಳೆಯ ಪ್ರತಿ ಇತಿಹಾಸದಲ್ಲಿ ಉಳಿಯುತ್ತದೆ.

ಸ್ವಂತ ಡೊಮೇನ್ ಹೆಸರು, ಅಂದರೆ ನಿಮ್ಮದೇ ಆದ ಸೈಟ್ ವಿಳಾಸ, ನಿಧಾನಕ್ಕೆ ತಗೊಳ್ಳಿ. ತಗೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ನೋಡಬೇಡಿ, ನವೀಕರಣದ ಬೆಲೆ ನೋಡಿ. ಸೈಟ್ ಯಾರೇ ಮಾಡಿಕೊಟ್ಟರೂ ಡೊಮೇನ್ ಮಾತ್ರ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಬೇಕು. ಹೊಸ ಡೊಮೇನ್ ಜೋಡಿಸಿದ ಕೂಡಲೇ ಸೈಟ್ ತೆರೆಯದಿದ್ದರೆ ಗಾಬರಿ ಬೇಡ, ಎಲ್ಲ ಕಡೆ ಸುದ್ದಿ ಮುಟ್ಟಲು ಕೆಲವೊಮ್ಮೆ 48 ಗಂಟೆವರೆಗೂ ಹಿಡಿಯುತ್ತದೆ.

ಹಾಕಿದ ಮೇಲೆ ಬೇರೆಯವರ ಫೋನಿನಲ್ಲಿ, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ನಿಮ್ಮ ಬ್ರೌಸರ್ ಹಳೆಯ ಪ್ರತಿಯನ್ನು ನೆನಪಿಟ್ಟುಕೊಂಡು ಮೋಸ ಮಾಡಬಹುದು, ಬೇರೆಯವರ ಫೋನಿಗೆ ಆ ನೆನಪು ಇರುವುದಿಲ್ಲ.

ಪುಟಗಳು ಐದಾರು ಆದಾಗ ಒಂದು ಕಿರಿಕಿರಿ ಶುರುವಾಗುತ್ತದೆ. ಮೆನುವಿನಲ್ಲಿ ಒಂದು ಹೆಸರು ಬದಲಿಸಬೇಕಾದರೂ ಎಲ್ಲ ಫೈಲ್ ತೆರೆದು ತಿದ್ದಬೇಕು. ಹ್ಯೂಗೊ, ಇಲೆವೆಂಟಿ ಥರದ ಸ್ಟ್ಯಾಟಿಕ್ ಸೈಟ್ ಜನರೇಟರ್‌ಗಳು ಇರುವುದು ಇದಕ್ಕೇ: ಮೆನು ಒಂದು ಕಡೆ ಬರೆದರೆ ಅವು ಎಲ್ಲ ಪುಟಕ್ಕೂ ಹಚ್ಚಿ, ಕೊನೆಗೆ ಕೊಡುವುದು ಅದೇ ಎಚ್‌ಟಿಎಂಎಲ್ ಫೈಲುಗಳನ್ನು. ತಿಂಗಳಿಗೆ ನಾಲ್ಕಾರು ಬರಹ ಹಾಕುವ ಹುಮ್ಮಸ್ಸು ಇದ್ದು ಕೋಡ್ ಮುಟ್ಟಲು ಬೇಸರವಾದರೆ ವರ್ಡ್‌ಪ್ರೆಸ್‌ಗೆ ಹೋಗಿ. ಎರಡೂ ಇಲ್ಲದಿದ್ದರೆ ಕೈಯಾರೆ ಬರೆದ ಆ ಪುಟಗಳನ್ನೇ ಮುಂದುವರಿಸಿ, ಫೋಲ್ಡರಿನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಿ.