ಕಾಲ್ ಕಟ್ ಆಗದೆ ಎಸ್‌ಎಫ್‌ಯು ರೀಸ್ಟಾರ್ಟ್: ಎಸ್‌ಆರ್‌ಟಿಪಿ ಸೆಷನ್ ಸಾಗಿಸಿದ ನನ್ನ ಅನುಭವ

ಎಸ್‌ಎಫ್‌ಯು (ಕಾಲಲ್ಲಿ ಒಬ್ಬರ ಆಡಿಯೋ-ವಿಡಿಯೋನ ಉಳಿದೋರಿಗೆ ಹಂಚೋ ಸರ್ವರ್) ರೀಸ್ಟಾರ್ಟ್ ಮಾಡುವಾಗ, ನಡೀತಿರೋ ಕಾಲ್‌ನ ಎಸ್‌ಆರ್‌ಟಿಪಿ (ಆಡಿಯೋ-ವಿಡಿಯೋನ ಎನ್‌ಕ್ರಿಪ್ಟ್ ಮಾಡಿ ಕಳಿಸೋ ವಿಧಾನ) ಸೆಷನ್ನ ಹಳೇ ಪ್ರಾಸೆಸ್‌ನಿಂದ ಹೊಸದಕ್ಕೆ ದಾಟಿಸಬಹುದು, ಡಿಟಿಎಲ್‌ಎಸ್ (ಶುರುವಲ್ಲಿ ಎರಡೂ ಕಡೆ ಕೀಲಿ ಗೊತ್ತು ಮಾಡ್ಕೊಳ್ಳೋ ಹಂತ) ಮತ್ತೆ ಮಾಡೋದೇ ಬೇಡ ಅಂದಾಗ ಟೀಮಲ್ಲಿ ಯಾರೂ ಒಪ್ಲಿಲ್ಲ. ಈಗ ಮಟಮಟ ಮಧ್ಯಾಹ್ನ ಡಿಪ್ಲಾಯ್ ಮಾಡ್ತೀವಿ, ಒಂದು ಕಾಲೂ ಬೀಳಲ್ಲ.

ಮೊದಲೆಲ್ಲ ಹಳೇ ಸರ್ವರಲ್ಲಿರೋ ಕಾಲ್ ಮುಗಿಯೋವರೆಗೂ ಕಾಯ್ಬೇಕಿತ್ತು, ಎರಡ್ಮೂರು ಗಂಟೆ ಕ್ಲಾಸ್ ನಡ್ಸೋರು ಇದ್ರೆ ಅಷ್ಟೊತ್ತೂ ಹಳೇದಕ್ಕೂ ಹೊಸದಕ್ಕೂ ಬಾಡಿಗೆ, ತಿಂಗಳಿಗೆ 35-40 ಸಾವಿರ ರೂಪಾಯಿ ಸುಮ್ನೆ ಹೋಗ್ತಿತ್ತು.

ಪ್ಯಾಕೆಟ್ ಬಂದು ಹೋಗೋ ಯುಡಿಪಿ ಸಾಕೆಟ್‌ನ ಎಫ್‌ಡಿ (ಓಎಸ್ ಕೊಡೋ ಹಿಡಿಕೆ), ಐಸ್ (ಕನೆಕ್ಷನ್ ದಾರಿ ಹುಡುಕೋ ವಿಧಾನ) ಪಾಸ್‌ವರ್ಡು, ಡಿಟಿಎಲ್‌ಎಸ್ ಕೊಟ್ಟ 60 ಬೈಟ್ ಕೀ-ಸಾಲ್ಟು (ಎನ್‌ಕ್ರಿಪ್ಷನ್ ಕೀಲಿಗಳು, ಜೊತೆಗೆ ಬೆರೆಸೋ ಬೈಟ್‌ಗಳು) ಇಷ್ಟನ್ನ ಯುನಿಕ್ಸ್ ಸಾಕೆಟಲ್ಲಿ (ಒಂದೇ ಮಷೀನಿನ ಎರಡು ಪ್ರಾಸೆಸ್ ಮಾತಾಡೋ ದಾರಿ) ದಾಟಿಸೋದು ಸುಲಭ. ಟೆಸ್ಟಲ್ಲಿ ಎಲ್ಲಾ ಪಾಸ್. ನಿಜವಾದ ಕಾಲಲ್ಲಿ ಮಾತ್ರ ರೀಸ್ಟಾರ್ಟ್ ಆದ ತಕ್ಷಣ ಕೆಲವರ ಆಡಿಯೋ ಪೂರ್ತಿ ಸತ್ತೋಗೋದು, ಲಾಗ್ ತುಂಬಾ ಆತ್ ಫೇಲ್ (ಪ್ಯಾಕೆಟ್ ಅಸಲಿ ಅನ್ನೋ ಪರೀಕ್ಷೆ ಫೇಲ್). ಕಾರಣ ಆರ್‌ಒಸಿ (ರೋಲ್‌ಓವರ್ ಕೌಂಟರ್). ಪ್ಯಾಕೆಟ್ಟಿನ ಸೀಕ್ವೆನ್ಸ್ ನಂಬರ್ 16 ಬಿಟ್‌ನದ್ದು, ಅದು ತುಂಬಿ ಎಷ್ಟು ಸಲ ಮತ್ತೆ ಸೊನ್ನೆಗೆ ಸುತ್ತಿದೆ ಅನ್ನೋ ಆರ್‌ಒಸಿ ಲೆಕ್ಕ ಪ್ಯಾಕೆಟ್ಟಲ್ಲಿ ಇರಲ್ಲ, ಎರಡೂ ಕಡೆ ತಾವೇ ಲೆಕ್ಕ ಇಟ್ಕೋಬೇಕು. ಓಪಸ್ (ಆಡಿಯೋ ಕೋಡೆಕ್) ಸೆಕೆಂಡಿಗೆ 50 ಪ್ಯಾಕೆಟ್ ಅಂದ್ರೆ 65536 ಮುಗಿಯೋಕೆ ಹತ್ತತ್ರ 22 ನಿಮಿಷ, ನಮ್ಮ ಆಡಿಯೋ ಟೆಸ್ಟ್ ಐದು ನಿಮಿಷದ್ದು, ಅಲ್ಲಿ ಆರ್‌ಒಸಿ ಯಾವಾಗಲೂ ಸೊನ್ನೆನೇ. ಈಗ ಟೆಸ್ಟ್ ಕ್ಲೈಂಟ್ 65000 ಇಂದಲೇ ಶುರು ಮಾಡುತ್ತೆ.

ನಮಗೆ ಬರೋ ಪ್ಯಾಕೆಟ್‌ಗಳ ಕಡೆಗೆ ಆರ್‌ಒಸಿ ಕೊಟ್ರೆ ಆಯ್ತು, ದಾಟೋ ಹೊತ್ತಲ್ಲೇ ನಂಬರ್ ಸುತ್ತಿದ್ರೆ ಪಕ್ಕದ ಆರ್‌ಒಸಿನೂ ಟ್ರೈ ಮಾಡಿ, ಪ್ಯಾಕೆಟ್ ಅಸಲಿ ಅಂತ ಸಾಬೀತು ಮಾಡೋ 10 ಬೈಟ್ ಟ್ಯಾಗೇ ಯಾವುದು ಸರಿ ಅಂತ ಹೇಳುತ್ತೆ.

ಕಳಿಸೋ ಕಡೆನೇ ನಿಜವಾದ ಅಪಾಯ. ಸ್ನ್ಯಾಪ್‌ಶಾಟ್ ತಗೊಂಡ ಮೇಲೂ ಹಳೇ ಪ್ರಾಸೆಸ್ ಒಂದಷ್ಟು ಪ್ಯಾಕೆಟ್ ಬಿಟ್ಟಿರುತ್ತೆ, ಹೊಸದು ಅದೇ ಕೀಲಿ ಅದೇ ನಂಬರ್ ಮತ್ತೆ ಬಳಸಿದ್ರೆ ಕೀಸ್ಟ್ರೀಮ್ (ಡೇಟಾ ಮುಚ್ಚೋಕೆ ಬೆರೆಸೋ ಬಿಟ್‌ಗಳ ಸಾಲು) ರಿಪೀಟ್, ಎರಡು ಪ್ಯಾಕೆಟ್ ಎಕ್ಸಾರ್ ಮಾಡಿದವನಿಗೆ ಎನ್‌ಕ್ರಿಪ್ಷನ್ನೇ ಇಲ್ಲ ಅಂದಂಗೆ. ಹಾಗಾಗಿ ನಂಬರ್ ಮುಂದಕ್ಕೆ ಹಾರಿಸ್ಬೇಕು. 32768 ದಾಟಿದ್ರೆ ಆ ಕಡೆಯೋರ ಆರ್‌ಒಸಿ ಅಂದಾಜೇ ತಪ್ಪುತ್ತೆ, ಕಮ್ಮಿ ಹಾರಿಸಿದ್ರೂ ಬ್ರೌಸರ್ ನ್ಯಾಕ್ (ನಡುವಿನ ಪ್ಯಾಕೆಟ್ ಬಂದಿಲ್ಲ, ಮತ್ತೆ ಕಳಿಸಿ ಅನ್ನೋ ಸಂದೇಶ) ಸುರಿಸುತ್ತೆ, ಅದಕ್ಕೆ ಕೂಡಲೇ ಕ್ಯಾಮೆರಾ ಕಡೆಗೆ ಪಿಎಲ್‌ಐ (ಪೂರ್ತಿ ಚಿತ್ರ ಹೊಸದಾಗಿ ಕಳಿಸಿ ಅನ್ನೋ ಕೋರಿಕೆ) ಹೋಗ್ಬೇಕು, ಅರ್ಧ ಸೆಕೆಂಡಲ್ಲಿ ವಿಡಿಯೋ ಸರಿ ಹೋಗುತ್ತೆ. ಎಷ್ಟು ಹಾರಿಸ್ತೀನಿ, ನ್ಯಾಕ್ ಹೇಗೆ ತಡೀತೀನಿ ಅನ್ನೋದು ಇಲ್ಲಿ ಹೇಳಲ್ಲ, ಅದಕ್ಕೇ ಜಾಸ್ತಿ ಟೈಮ್ ಹೋಗಿದ್ದು. ಆರ್‌ಟಿಸಿಪಿ (ಇಂಥ ನ್ಯಾಕ್, ಪಿಎಲ್‌ಐ, ರಿಪೋರ್ಟ್ ಹೋಗೋ ಕಂಟ್ರೋಲ್ ಪ್ಯಾಕೆಟ್) ತಲೆನೋವಿಲ್ಲ, 31 ಬಿಟ್ ಇಂಡೆಕ್ಸ್ ಪ್ಯಾಕೆಟ್ಟಲ್ಲೇ ಇರುತ್ತೆ, ಮುಂದಕ್ಕೆ ತಳ್ಳಿದ್ರೆ ಸಾಕು.

ಇದರ ಮಧ್ಯೆ ಎಇಎಸ್-ಜಿಸಿಎಮ್ (ಎನ್‌ಕ್ರಿಪ್ಷನ್ನೂ ಆತ್ ಪರೀಕ್ಷೆಯೂ ಒಟ್ಟಿಗೇ ಮಾಡೋ ವಿಧಾನ) ಕೂಡ ಹಾಕಿ ನೋಡ್ದೆ. ಟ್ಯಾಗ್ 16 ಬೈಟ್ ಆಗುತ್ತೆ, ಆದ್ರೆ ಮೊದಲಿನ ಟ್ಯಾಗ್ ಲೆಕ್ಕಕ್ಕೆ ಬೇಕಿದ್ದ ಎಸ್‌ಎಚ್‌ಎ-1 ಹ್ಯಾಶ್ ಕೆಲಸ ತಪ್ಪಿ ಸಿಪಿಯು ಸುಮಾರು ಐದರಲ್ಲೊಂದು ಪಾಲು ಇಳೀತು. ಇಲ್ಲಿ ನಂಬರ್ ರಿಪೀಟ್ ಆದ್ರೆ ಆತ್ ಕೀಲಿಯೂ ಕದಿಯೋರ ಕೈಗೆ ಸಿಗುತ್ತೆ, ಅದಕ್ಕೇ ಹಾರಿಸೋ ಕೋಡ್ ಪಕ್ಕಾ ಆದ್ಮೇಲೇ ಆನ್ ಮಾಡಿದ್ದು, ಸದ್ಯ ಅರ್ಧ ರೂಮ್‌ಗಳಲ್ಲಿ ಓಡ್ತಿದೆ.