ಹಳೆಯ ಡೆಸ್ಕ್‌ಟಾಪ್‌ನಲ್ಲಿ ಹೊಸ ಗೇಮ್: ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ

ಅಕ್ಕನ ಮಗ ಪಿಯುಸಿ ಪರೀಕ್ಷೆ ಮುಗಿಸಿದ ರಜೆಯಲ್ಲಿ ‘ಸೈಬರ್‌ಪಂಕ್ 2077’ ಆಡಬೇಕೆಂದು ಹಠ ಹಿಡಿದ. ಮನೆಯಲ್ಲಿದ್ದದ್ದು ಹತ್ತು ವರ್ಷ ದಾಟಿದ ಡೆಸ್ಕ್‌ಟಾಪ್: ಇಂಟೆಲ್ ಕೋರ್ ಐ5-4590 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 2 ಜಿಬಿ ಮೆಮೊರಿಯ ಜಿಟಿಎಕ್ಸ್ 750 ಟಿಐ ಕಾರ್ಡ್. ಗ್ರಾಫಿಕ್ಸ್ ಕಾರ್ಡ್ ಒಂದನ್ನು ಬದಲಿಸಿದರೆ ಸಾಕು ಎಂದು ಯಾರೋ ಅವನಿಗೆ ಹೇಳಿದ್ದರು. ಇಂಥ ಸಲಹೆ ಕೇಳಿ ಎಷ್ಟೋ ಮನೆಗಳಲ್ಲಿ ದುಡ್ಡು ಪೋಲಾಗುತ್ತದೆ. ಎಲ್ಲಿ ಅಡ್ಡಿಯಿದೆ ಎಂದು ತಿಳಿಯದೆ ಏನನ್ನೂ ಕೊಳ್ಳಬೇಡಿ.

ಒಳಗೇನಿದೆ?

ನಾವು ಇಡೀ ಡಬ್ಬಕ್ಕೇ ‘ಸಿಪಿಯು’ ಎನ್ನುತ್ತೇವೆ. ಅಂಗಡಿಗೆ ಹೋಗುವಾಗ ಆ ರೂಢಿ ಬಿಡಿ. ಪ್ರೊಸೆಸರ್, ಮದರ್‌ಬೋರ್ಡ್, ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆ) ಪ್ರತಿಯೊಂದರ ಮಾದರಿ ಸಂಖ್ಯೆ ಬರೆದುಕೊಳ್ಳಿ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಬಹುಪಾಲು ವಿವರ ತೋರಿಸುತ್ತದೆ. ಎಸ್‌ಎಂಪಿಎಸ್ ವಿವರ ಮಾತ್ರ ಪಕ್ಕದ ಬಾಗಿಲು ಬಿಚ್ಚಿ ಅದರ ಮೇಲಿನ ಚೀಟಿಯಲ್ಲೇ ಓದಬೇಕು.

ಈಗ ಆ ಪಟ್ಟಿಯನ್ನು ಗೇಮ್ ಕೇಳುವ ಕನಿಷ್ಠ ಅಗತ್ಯದ ಪಕ್ಕಕ್ಕಿಡಿ. ಸೈಬರ್‌ಪಂಕ್ ಕೇಳುವುದು ಕೋರ್ ಐ7-6700, 12 ಜಿಬಿ ರ್‍ಯಾಮ್, 6 ಜಿಬಿಯ ಜಿಟಿಎಕ್ಸ್ 1060 ಕಾರ್ಡ್ ಮತ್ತು ಎಸ್‌ಎಸ್‌ಡಿಯಲ್ಲಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಸಂಗ್ರಹ) 70 ಜಿಬಿ ಜಾಗ. ನಮ್ಮ ಹುಡುಗನ ಯಂತ್ರ ನಾಲ್ಕರಲ್ಲೂ ಹಿಂದೆ. ಬರೀ ಕಾರ್ಡ್ ತಂದಿದ್ದರೆ ಆಗುತ್ತಿದ್ದದ್ದು ನಿರಾಸೆಯೇ.

ಹೊಸ ಗೇಮ್ ಈಗಾಗಲೇ ಕುಂಟುತ್ತಾ ಓಡುತ್ತಿದ್ದರೆ ಒಂದು ಸುಲಭ ಪರೀಕ್ಷೆಯಿದೆ. ಗೇಮ್ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಿ. ಸೆಕೆಂಡಿಗೆ ಬರುವ ಫ್ರೇಮ್‌ಗಳು ಚೆನ್ನಾಗಿ ಏರಿದರೆ ಅಡ್ಡಿ ಗ್ರಾಫಿಕ್ಸ್ ಕಾರ್ಡ್‌ನಲ್ಲಿದೆ. ಏರದೆ ಅಲ್ಲೇ ನಿಂತರೆ ಪ್ರೊಸೆಸರ್ ಸೋತಿದೆ ಎಂದರ್ಥ. ಆಗ ಎಷ್ಟು ದುಬಾರಿ ಕಾರ್ಡ್ ತಂದರೂ ಪ್ರಯೋಜನ ಕಡಿಮೆ.

ಧೂಳು, ರ್‍ಯಾಮ್, ಎಸ್‌ಎಸ್‌ಡಿ

ಆಯುಧಪೂಜೆಗೆ ಹೊರಗಿನಿಂದ ಒರೆಸಿ ಕುಂಕುಮವಿಟ್ಟ ಡಬ್ಬದೊಳಗೆ ವರ್ಷಗಟ್ಟಲೆಯ ಧೂಳು ಹೆಪ್ಪುಗಟ್ಟಿರುತ್ತದೆ. ವಿದ್ಯುತ್ ವೈರ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದು ಬ್ಲೋವರ್‌ನಿಂದ ಊದಿ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ (ಬಿಸಿಯನ್ನು ಫ್ಯಾನ್ ಕಡೆಗೆ ಸಾಗಿಸುವ ಲೇಪ) ಒಣಗಿದ್ದರೆ ಕೆರೆದು ಹೊಸದು ಹಚ್ಚಿ. ಬಿಸಿ ಏರಿದಾಗ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ, ಹಾಗಾಗಿ ಈ ಕೆಲಸವೇ ಒಂದಿಷ್ಟು ಫ್ರೇಮ್ ಮರಳಿ ಕೊಡಬಹುದು.

ರ್‍ಯಾಮ್ 16 ಜಿಬಿ ಇರಲಿ, ಅದೂ 8ರ ಎರಡು ಕಡ್ಡಿಗಳಾಗಿ. ಎರಡಿದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ. ನಮ್ಮದರಂಥ ನಾಲ್ಕನೇ ತಲೆಮಾರಿನ ಇಂಟೆಲ್ ಬೋರ್ಡ್‌ಗೆ ಡಿಡಿಆರ್3 ಬಗೆಯ ಕಡ್ಡಿ ಮಾತ್ರ ಕೂರುತ್ತದೆ, ಡಿಡಿಆರ್4 ಕೂರದು. ಎಸ್‌ಎಸ್‌ಡಿಯೂ ಸಾಮಾನ್ಯವಾಗಿ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕ್ ಜೋಡಿಸುವ ಕೇಬಲ್‌ನ) ಬಗೆಯದೇ. ಎಚ್81 ಬೋರ್ಡ್‌ನಲ್ಲಿ 3 ಮತ್ತು 6 ಗಿಗಾಬಿಟ್‌ನ ಎರಡು ಬಗೆಯ ಸಾಟಾ ಕಿಂಡಿಗಳಿವೆ, 6ರದ್ದಕ್ಕೇ ಚುಚ್ಚಿ.

ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಬೇಡ

ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಪೆಟ್ಟು ತಿಂದವನು ನಾನು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಮೇಲೆ ‘450 ವ್ಯಾಟ್’ ಎಂದು ದೊಡ್ಡದಾಗಿ ಬರೆದಿತ್ತು. ಹೊಸ ಕಾರ್ಡ್ ಹಾಕಿ ಗೇಮ್ ತೆರೆದ ಹತ್ತು ನಿಮಿಷಕ್ಕೆ ‘ಟಪ್’ ಎಂದಿತು. ಮದರ್‌ಬೋರ್ಡ್ ಕೂಡ ಹೋಯಿತು. ಚೀಟಿಯಲ್ಲಿ ನೋಡಬೇಕಾದದ್ದು 12 ವೋಲ್ಟ್ ಸಾಲಿನ ಆಂಪಿಯರ್. ಅದನ್ನು 12ರಿಂದ ಗುಣಿಸಿದರೆ ಪ್ರೊಸೆಸರ್ ಮತ್ತು ಕಾರ್ಡ್‌ಗೆ ನಿಜಕ್ಕೂ ಸಿಗುವ ವ್ಯಾಟ್ ತಿಳಿಯುತ್ತದೆ.

ಮದರ್‌ಬೋರ್ಡ್‌ನ ಕಾರ್ಡ್ ಕಿಂಡಿ ಕೊಡುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡ್‌ಗೆ ಎಸ್‌ಎಂಪಿಎಸ್‌ನಿಂದ 6 ಪಿನ್‌ನ (75 ವ್ಯಾಟ್) ಅಥವಾ 8 ಪಿನ್‌ನ (150 ವ್ಯಾಟ್) ವೈರ್ ಬರಬೇಕು. ಕಚೇರಿಗಳಿಂದ ಹೊರಬಿದ್ದು ಸೆಕೆಂಡ್ ಹ್ಯಾಂಡ್ ಮಾರಾಟವಾಗುವ ಕಂಪನಿ ಡೆಸ್ಕ್‌ಟಾಪ್‌ಗಳಲ್ಲಿ ಈ ವೈರ್ ಹಲವು ಸಲ ಇರುವುದೇ ಇಲ್ಲ, ಎಸ್‌ಎಂಪಿಎಸ್ ಆಕಾರವೂ ಬೇರೆ. ಅಂಥವರು 70 ವ್ಯಾಟ್‌ನ ಆರ್‌ಟಿಎಕ್ಸ್ 3050 (6 ಜಿಬಿ) ನೋಡಬಹುದು. ಅದಕ್ಕೆ ಬೇರೆ ವೈರ್ ಬೇಕಾಗದ ಮಾದರಿಗಳಿವೆ. ಕ್ಯಾಬಿನೆಟ್ ಚಿಕ್ಕದಾದರೆ ಗಿಡ್ಡ ಮಾದರಿಯನ್ನೇ ಕೇಳಿ.

ಯಾವ ಕಾರ್ಡ್?

ಕಾರ್ಡ್ ಎಷ್ಟು ಲೇನ್‌ನದು, ಅಂದರೆ ಬೋರ್ಡ್ ಜೊತೆ ಎಷ್ಟು ದಾರಿಗಳಲ್ಲಿ ದತ್ತಾಂಶ ಸಾಗಿಸುತ್ತದೆ ಎಂಬುದನ್ನು ಹೆಚ್ಚಿನವರು ನೋಡುವುದಿಲ್ಲ. ಎಚ್81 ಬೋರ್ಡ್‌ನ ಕಿಂಡಿ ಪಿಸಿಐಇ 2.0, ಅಂದರೆ ಕಾರ್ಡ್ ಕಿಂಡಿಯ ಹಳೆಯ, ನಿಧಾನದ ಬಗೆ. ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಕಾರ್ಡ್‌ಗಳು ನಾಲ್ಕೇ ಲೇನ್ ಬಳಸುತ್ತವೆ. ಹೊಸ ಬೋರ್ಡ್‌ನಲ್ಲಿ ಅದು ನಡೆದೀತು, ಇಲ್ಲಿ ಸೆಕೆಂಡಿಗೆ ಸುಮಾರು 2 ಜಿಬಿಯಷ್ಟು ದತ್ತಾಂಶ ಮಾತ್ರ ಹರಿಯುತ್ತದೆ. ಗೇಮ್ ತಡೆತಡೆದು ಓಡುತ್ತದೆ. ಹದಿನಾರು ಲೇನ್‌ನ ಜಿಟಿಎಕ್ಸ್ 1660 ಸೂಪರ್ (6 ಜಿಬಿ, 125 ವ್ಯಾಟ್) ಇಂಥ ಹಳೆಯ ಬೋರ್ಡ್‌ಗೆ ಹೊಂದುತ್ತದೆ. ನಾವು ಅದನ್ನೇ ಸೆಕೆಂಡ್ ಹ್ಯಾಂಡ್ ತಂದೆವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಲ್ಲಾಗಲಿ, ಬಳಸಿದ ಕಾರ್ಡ್ ಕೊಳ್ಳುವಾಗ ಅಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಲು ಕೇಳಿ. ಒಪ್ಪದವರಲ್ಲಿ ಕೊಳ್ಳಬೇಡಿ.

ಈ ಕಾರ್ಡ್‌ನ ಮಿತಿಯನ್ನೂ ಹೇಳಬೇಕು. ‘ಡೂಮ್: ದ ಡಾರ್ಕ್ ಏಜಸ್’ನಂಥ ಗೇಮ್‌ಗಳಿಗೆ ರೇ ಟ್ರೇಸಿಂಗ್ (ಬೆಳಕಿನ ಹಾದಿ ಲೆಕ್ಕ ಹಾಕಿ ಚಿತ್ರ ಮೂಡಿಸುವ) ಯಂತ್ರಾಂಶ ಕಡ್ಡಾಯ, ಅದು 1660ರಲ್ಲಿಲ್ಲ.

ಪ್ರೊಸೆಸರ್ ಮತ್ತು ವಿಂಡೋಸ್

ಐ5-4590ರಲ್ಲಿ ನಾಲ್ಕು ಕೋರ್, ನಾಲ್ಕು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಅದೇ ಸಾಕೆಟ್‌ಗೆ ಕೂರುವ ಐ7-4790ರಲ್ಲಿ ಎಂಟು ಥ್ರೆಡ್‌ಗಳಿವೆ; ಬಳಸಿದ್ದು ಅಗ್ಗಕ್ಕೆ ಸಿಕ್ಕರೆ ಹಾಕಿಸಿ. ಎಎಂಡಿ ರೈಜನ್‌ನ ಎಎಂ4 ಬೋರ್ಡ್ ಇರುವವರು ಅದೃಷ್ಟವಂತರು. 2017ರ ಬಿ350 ಬೋರ್ಡ್‌ಗೂ ತಯಾರಕರು ಹೊಸ ಬಯಾಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಕೊಟ್ಟಿದ್ದರೆ 2022ರ ರೈಜನ್ 5 5600 ಕೂರುತ್ತದೆ. ಬಯಾಸ್ ಅಪ್‌ಡೇಟ್ ಅನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಿ, ಯುಪಿಎಸ್ ಇಟ್ಟುಕೊಂಡು ಮಾಡಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಟ್ಟೀತು.

ವಿಂಡೋಸ್ 10ರ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್ ಸೇರಿ) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಾಲ್ಕನೇ ತಲೆಮಾರಿನ ಇಂಟೆಲ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಹಾಗಾಗಿ ಈ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ.

ಆನ್ ಮಾಡುವಾಗ

ಮಾನಿಟರ್ ಕೇಬಲ್ ಅನ್ನು ಮದರ್‌ಬೋರ್ಡ್‌ಗಲ್ಲ, ಕಾರ್ಡ್‌ಗೆ ಚುಚ್ಚಿ. ಹಳೆಯ ಮಾನಿಟರ್‌ನಲ್ಲಿ ವಿಜಿಎ ಕಿಂಡಿ ಮಾತ್ರವಿದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ಬೇಕು. ಹಳೆಯ ಡ್ರೈವರ್ ತೆಗೆದು ಹೊಸದು ಹಾಕಿ. ಗೇಮ್‌ನಲ್ಲಿ ಎಫ್‌ಎಸ್‌ಆರ್ (ಕಡಿಮೆ ರೆಸಲ್ಯೂಷನ್ ಚಿತ್ರವನ್ನು ಹಿಗ್ಗಿಸಿ ತೋರಿಸುವ ಸೌಲಭ್ಯ) ಚಾಲೂ ಮಾಡಿ, ನೆರಳು ಮತ್ತು ಜನಸಂದಣಿಯ ಸೆಟ್ಟಿಂಗ್ ಇಳಿಸಿ. ಜನಸಂದಣಿ ಇಳಿಸಿದರೆ ಭಾರ ಕಡಿಮೆಯಾಗುವುದು ಪ್ರೊಸೆಸರ್‌ಗೆ. ನಮ್ಮ ಹುಡುಗನ ಯಂತ್ರ ಪೇಟೆಯ ಗಿಜಿಗುಡುವ ಬೀದಿಗಳಲ್ಲಿ ಏರಿಳಿಯುತ್ತಿತ್ತು. ಫ್ರೇಮ್ ಮಿತಿಯನ್ನು 40ಕ್ಕೆ ಕಟ್ಟಿದ ಮೇಲೆ ಓಟ ಸಮವಾಯಿತು, ಫ್ಯಾನ್ ಸದ್ದೂ ಇಳಿಯಿತು.