ಇಂಟರ್ನ್‌ಶಿಪ್‌ಗೆ ಜಾಗವೂ ಬೇಕು, ಬಸ್ ಚಾರ್ಜೂ ಬೇಕು

ಹಾಸನದಲ್ಲಿ ಪಬ್ಲಿಕ್ ಹೆಲ್ತ್, ಅಂದರೆ ಸಾರ್ವಜನಿಕ ಆರೋಗ್ಯದ ಪದವಿ ಓದುವ ಮಕ್ಕಳಿಗೆ ಇಂಟರ್ನ್‌ಶಿಪ್ ಹುಡುಕಿಕೊಡುವುದು ನಮ್ಮ ವಿಭಾಗದಲ್ಲಿ ನನ್ನ ಪಾಲಿಗೆ ಬಂದ ಕೆಲಸ. "ಪಬ್ಲಿಕ್ ಹೆಲ್ತ್ ಅಂದ್ರೆ ನರ್ಸಿಂಗಾ ಮೇಡಂ?" ಅಂತ ಈಗಲೂ ಕೇಳುತ್ತಾರೆ. ನರ್ಸಿಂಗ್ ಮಕ್ಕಳಿಗೆ ವಾರ್ಡ್ ಇದೆ. ಮೆಡಿಕಲ್ ಮಕ್ಕಳಿಗೆ ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್ ಇದೆ. ನಮ್ಮವರನ್ನು ಎಲ್ಲಿ ಕೂರಿಸಬೇಕು ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ.

ಎಲ್ಲ ಕಾಲೇಜುಗಳೂ ಸಾಮಾನ್ಯವಾಗಿ ಮಾಡುವುದು ಒಂದೇ. ಪ್ರಾಂಶುಪಾಲರ ಸಹಿ ಇರುವ ಒಂದು ಪತ್ರ, ಜೊತೆಗೆ ಇಡೀ ತರಗತಿಯ ಪಟ್ಟಿ, ಕೊನೆಗೆ "ಅವಕಾಶ ಮಾಡಿಕೊಡಬೇಕಾಗಿ ವಿನಂತಿ". ಆ ಪತ್ರ ಟಪಾಲಿನಲ್ಲಿ ಸೀಲು ಹಾಕಿಸಿಕೊಂಡು ಯಾವುದೋ ಕಡತ ಸೇರುತ್ತದೆ. ಕಚೇರಿಯವರನ್ನು ದೂರಿ ಪ್ರಯೋಜನವಿಲ್ಲ. ಒಂದೇ ಸಲ ಅಷ್ಟು ಮಕ್ಕಳು ಬಂದರೆ ಕುರ್ಚಿ ಎಲ್ಲಿಂದ ತರಬೇಕು? ಕೆಲಸ ಹೇಳಿಕೊಡಲು ಯಾರಿಗೆ ಪುರುಸೊತ್ತಿದೆ?

ಹಾಗಾಗಿ ನಾನು ಪತ್ರ ಬರೆಯುವ ಮುಂಚೆ ಬರಿಗೈಯಲ್ಲಿ ಹೋಗುತ್ತೇನೆ. ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೂತು "ನಿಮ್ಮಲ್ಲಿ ಯಾವ ಕೆಲಸ ಬಾಕಿ ಉಳಿದಿದೆ?" ಅಂತಷ್ಟೇ ಕೇಳುತ್ತೇನೆ. ಇದಕ್ಕೆ ಉತ್ತರ ಬಂದೇ ಬರುತ್ತದೆ. ಮೂವತ್ತು ದಾಟಿದವರ ಬಿಪಿ, ಶುಗರ್ ತಪಾಸಣೆಯ ವಿವರ ಪೋರ್ಟಲ್‌ಗೆ ಏರಿಲ್ಲ. ಕ್ಷಯ ರೋಗಿಗಳ ಮನೆಯವರನ್ನು ಇನ್ನೊಮ್ಮೆ ಭೇಟಿ ಮಾಡಬೇಕು. ಮಳೆ ಶುರುವಾಗುವ ಹೊತ್ತಿಗೆ ಸೊಳ್ಳೆ ಮರಿಹುಳದ (ಲಾರ್ವಾ) ಸಮೀಕ್ಷೆಗೆ ಜನ ಸಾಲುವುದಿಲ್ಲ. ಆಮೇಲೆ ಪತ್ರ ಬರೆಯುತ್ತೇನೆ. ಅದರಲ್ಲಿ ಆ ಕೆಲಸದ ಹೆಸರು, ಇಬ್ಬರೇ ಇಬ್ಬರು ವಿದ್ಯಾರ್ಥಿಗಳು, ಶುರುವಿನ ತಾರೀಖು, ಮುಗಿಯುವ ತಾರೀಖು ಇರುತ್ತವೆ. ರೋಗಿಗಳ ಮಾಹಿತಿ ಹೊರಗೆ ಹೇಳುವುದಿಲ್ಲ ಅನ್ನುವ ಮುಚ್ಚಳಿಕೆಯನ್ನೂ ಲಗತ್ತಿಸುತ್ತೇನೆ. ಇಂಥ ಪತ್ರ ಮೇಜಿನಿಂದ ಮೇಜಿಗೆ ಬೇಗ ಹೋಗುತ್ತದೆ.

ನನ್ನದೂ ಒಂದು ಷರತ್ತು ಇದೆ. ಮಕ್ಕಳನ್ನು ದಿನವಿಡೀ ಕಂಪ್ಯೂಟರ್ ಮುಂದೆ ಕೂರಿಸಬಾರದು. ಅರ್ಧ ದಿನ ಕಚೇರಿ, ಅರ್ಧ ದಿನ ಊರು. ಗುರುವಾರ ಮಾತ್ರ ಪೂರ್ತಿ ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯ ಜೊತೆ. ಅವತ್ತು ಮಕ್ಕಳಿಗೆ ಲಸಿಕೆ ಹಾಕುತ್ತಾರೆ. ಯಾವ ಮಗು ಬಂದಿಲ್ಲ, ಯಾಕೆ ಬಂದಿಲ್ಲ ಅನ್ನೋದು ಆ ಆಶಾ ಅಕ್ಕನಿಗೆ ರಿಜಿಸ್ಟರ್ ನೋಡದೇ ಗೊತ್ತಿರುತ್ತದೆ. ಅದನ್ನು ಪಾಠ ಮಾಡಿ ಕಲಿಸಲು ನನಗಂತೂ ಆಗುವುದಿಲ್ಲ.

ಲಾರ್ವಾ ಸಮೀಕ್ಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ರಾಜ್ಯ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ ಮೇಲೆ ಈ ಕೆಲಸಕ್ಕೆ ತೂಕ ಬಂದಿದೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಸಾಮಾನ್ಯವಾಗಿ ಚರಂಡಿಯಲ್ಲಿ ಅಲ್ಲ, ಮನೆಯ ಒಳಗೂ ಸುತ್ತಲೂ ಶುದ್ಧ ನೀರು ನಿಂತ ಕಡೆ. ಆದ್ದರಿಂದ ಟಾರ್ಚ್ ಹಿಡಿದು ಮನೆಯೊಳಗೇ ಹೋಗಬೇಕು. ಸಿಮೆಂಟ್ ತೊಟ್ಟಿ, ಡ್ರಮ್ಮು, ಹಿತ್ತಿಲಿನ ಹಳೇ ಟೈರು, ತೆಂಗಿನ ಚಿಪ್ಪು ಎಲ್ಲರೂ ನೋಡುತ್ತಾರೆ. ಫ್ರಿಡ್ಜ್ ಹಿಂದಿನ ಟ್ರೇ ಮರೆತುಹೋಗುತ್ತದೆ. ಹೊಳೆನರಸೀಪುರದ ಕಡೆ ನಮ್ಮ ಹುಡುಗಿಯೊಬ್ಬಳು ಆ ಟ್ರೇ ನೀರನ್ನು ಬಿಳಿ ತಟ್ಟೆಗೆ ಬಗ್ಗಿಸಿ ಮನೆಯ ಅಜ್ಜಿಗೆ ತೋರಿಸಿದಳು. ಹುಳ ಬಾಗಿ ಬಾಗಿ ಮೇಲೆ ಬರುತ್ತಿತ್ತು. "ಅಯ್ಯೋ, ನಮ್ಮನೇಲೇ ಸಾಕಿದೀವಾ ಇದನ್ನ!" ಅಂದರು ಅಜ್ಜಿ. ಆಮೇಲೆ ಅವರೇ ಪಕ್ಕದ ಮನೆಗೂ ಕರೆದುಕೊಂಡು ಹೋದರು. ಸಂಜೆ ಕೂತು ಲೆಕ್ಕ ಹಾಕುವುದು: ನೂರು ಮನೆಗೆ ಎಷ್ಟು ಮನೆಯಲ್ಲಿ ಲಾರ್ವಾ ಸಿಕ್ಕಿತು ಅನ್ನೋದು ಹೌಸ್ ಇಂಡೆಕ್ಸ್, ನೂರು ಮನೆಗೆ ಎಷ್ಟು ಪಾತ್ರೆಯಲ್ಲಿ ಸಿಕ್ಕಿತು ಅನ್ನೋದು ಬ್ರೆಟೊ ಇಂಡೆಕ್ಸ್. ಇದೇ ಲೆಕ್ಕವನ್ನು ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಎಲ್ಲರೂ ಅದಲುಬದಲು ಮಾಡಿಕೊಳ್ಳುತ್ತಿದ್ದರು.

ಇನ್ನು ದುಡ್ಡು. ಜಾಗ ಹುಡುಕುವುದಕ್ಕಿಂತ ಇದು ಕಷ್ಟ.

ಸಕಲೇಶಪುರ, ಆಲೂರು ಕಡೆಯ ಎಷ್ಟೋ ಮಕ್ಕಳು ಕಾಫಿ ಕುಯ್ಲಿನ ಕಾಲದಲ್ಲಿ ರಜೆ ಸಿಕ್ಕರೆ ತೋಟಕ್ಕೆ ಹೋಗುತ್ತಾರೆ. ಕುಯ್ದ ಹಣ್ಣಿನ ತೂಕಕ್ಕೆ ಕೂಲಿ. ಕಾಲೇಜಿನ ಖರ್ಚಿಗೆ ಅದೇ ಆಧಾರ. ಡಿಸೆಂಬರ್, ಜನವರಿಯಲ್ಲಿ ಇಂಟರ್ನ್‌ಶಿಪ್ ಇಟ್ಟು "ಅನುಭವ ಸಿಗುತ್ತೆ ಬಾ" ಅಂದರೆ ಆ ಮಗು ಕೂಲಿ ಬಿಟ್ಟು, ಮೇಲೆ ಕೈಯಿಂದ ಬಸ್ ಚಾರ್ಜೂ ಹಾಕಬೇಕು. ಸಂಬಳವಿಲ್ಲದ ಇಂಟರ್ನ್‌ಶಿಪ್ ಉಚಿತ ಅಂದುಕೊಳ್ಳುವವರು ಈ ಲೆಕ್ಕ ಮಾಡಿರುವುದಿಲ್ಲ. ನಾವು ಇಂಟರ್ನ್‌ಶಿಪ್ಪನ್ನು ಜೂನ್‌ಗೆ ತಂದೆವು. ಕುಯ್ಲೂ ತಪ್ಪುವುದಿಲ್ಲ, ಡೆಂಗಿ ಕೆಲಸವೂ ಆಗಲೇ ಜೋರು. ಮಾರ್ಚ್‌ನಲ್ಲಂತೂ ಸರ್ಕಾರಿ ಕಚೇರಿಯ ಹತ್ತಿರ ಸುಳಿಯಬಾರದು. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಇರುತ್ತಾರೆ.

"ಪಿಎಂ ಇಂಟರ್ನ್‌ಶಿಪ್ ಇದೆಯಲ್ಲ ಮೇಡಂ, ತಿಂಗಳಿಗೆ ಐದು ಸಾವಿರ ಕೊಡ್ತಾರಂತೆ" ಅಂತ ಪೋಷಕರು ಕೇಳುತ್ತಿದ್ದರು. 2024ರ ಅಕ್ಟೋಬರ್‌ನಲ್ಲಿ ಆ ಯೋಜನೆ ಶುರುವಾದಾಗಲೇ ನಿಯಮ ಓದಿದೆ. ಆಗ ತಿಂಗಳಿಗೆ 5,000, ಸೇರುವಾಗ ಒಂದು ಸಲ 6,000 ರೂಪಾಯಿ ಇದ್ದದ್ದು ನಿಜ. ಆದರೆ ಪೂರ್ಣಾವಧಿ ಓದುತ್ತಿರುವವರಿಗೆ ಇರಲಿಲ್ಲ. ಯುವನಿಧಿಯೂ ಪದವಿ ಮುಗಿದವರಿಗೆ. ನಮ್ಮ ಮಕ್ಕಳು ಎರಡರಿಂದಲೂ ಹೊರಗೇ ಉಳಿದರು.

ಹೆಚ್ಚು ಉಪಕಾರವಾಗಿದ್ದು ಶಕ್ತಿ ಯೋಜನೆಯಿಂದ. 2023ರ ಜೂನ್ 11ರಿಂದ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅರಸೀಕೆರೆಯೋ ಅರಕಲಗೂಡೋ, ಎಲ್ಲಿಗೆ ಹಾಕಿದರೂ ಹೋಗಿ ಬರುತ್ತಾರೆ. ಹುಡುಗರ ವಿದ್ಯಾರ್ಥಿ ಪಾಸು ಮನೆಯಿಂದ ಕಾಲೇಜಿಗೆ ಮಾತ್ರ. ಹಾಗಾಗಿ ನಾವು ಕೂಡಿಸಿದ ದುಡ್ಡನ್ನು ಎಲ್ಲರಿಗೂ ಸಮ ಹಂಚುವುದನ್ನು ಬಿಟ್ಟೆವು. ಯಾರಿಗೆ ಏನು ಖರ್ಚು ಬೀಳುತ್ತದೋ ಅಷ್ಟು. ಒಬ್ಬನಿಗೆ ಬಸ್ಸು, ಇನ್ನೊಬ್ಬಳಿಗೆ ಪಿಜಿ ಬಾಡಿಗೆ. ಇದರಿಂದ ಸ್ವಲ್ಪ ಗೊಣಗಾಟ ಇದೆ, ಇರಲಿ.

ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆಂದು ಎತ್ತಿಡುವ ಸಿಎಸ್‌ಆರ್ ದುಡ್ಡಿಗೂ ಓಡಾಡಿದೆ. ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಅವರು ಖರ್ಚು ಮಾಡಲೇಬೇಕು, ನಿಜ. ಆದರೆ ನಮ್ಮ ಕೈಗೆ ಸುಮ್ನೆ ಚೆಕ್ ಕೊಡಲು ಬರುವುದಿಲ್ಲ. ಪಡೆಯುವ ಟ್ರಸ್ಟ್ ಅಥವಾ ಸೊಸೈಟಿಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಇರಬೇಕಿತ್ತು, ಸಿಎಸ್‌ಆರ್ ದುಡ್ಡು ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಆಗಿರಬೇಕಿತ್ತು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕಿತ್ತು. ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಹಳೆಯದಾಗಿದ್ದರಿಂದ ಬಚಾವಾದೆವು. ಲೆಕ್ಕಪರಿಶೋಧಕರನ್ನು ಹಿಡಿದು ಉಳಿದ ಕಾಗದ ಮಾಡಿಸಿಕೊಂಡೆವು. 2025ರ ಜೂನ್‌ನಲ್ಲಿ ಹಾಸನದ ಹೃದಯಾಘಾತದ ಸಾವುಗಳು ರಾಜ್ಯವೆಲ್ಲ ಸುದ್ದಿಯಾಗಿ, ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದ್ದು ನೆನಪಿದೆಯಲ್ವಾ? ಸರ್ಕಾರ ತಜ್ಞರ ಸಮಿತಿ ಮಾಡಿ ಒಂದೊಂದೇ ಸಾವಿನ ವಿವರ ತೆಗೆಸಬೇಕಾಯಿತು. ಅದಾದ ಮೇಲೆ ಪಬ್ಲಿಕ್ ಹೆಲ್ತ್ ಯಾಕೆ ಬೇಕು ಅಂತ ದಾನಿಗಳಿಗೆ ವಿವರಿಸುವ ಕಷ್ಟ ಕಡಿಮೆಯಾಗಿದೆ.

ಕಾಫಿ ಬೆಳೆಗಾರರ ಹತ್ತಿರ ನಾನು ದುಡ್ಡು ಕೇಳುವುದಿಲ್ಲ. ದುಡ್ಡು ಅಂದರೆ "ಮುಂದಿನ ವರ್ಷ ರೇಟ್ ನೋಡ್ಕೊಂಡು ಹೇಳ್ತೀನಿ" ಅನ್ನುತ್ತಾರೆ. ರೂಮು, ಊಟ ಕೇಳಿದರೆ "ನಾಳೇನೇ ಕಳ್ಸಿ" ಅನ್ನುತ್ತಾರೆ. ಸಕಲೇಶಪುರ ಕಡೆ ಇಬ್ಬರು ಹುಡುಗರು ತೋಟದ ರೂಮಿನಲ್ಲೇ ಉಳಿದು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಕೆಲಸ ಮಾಡಿದರು. ಅಸ್ಸಾಂನಿಂದ ಬಂದ ಕಾರ್ಮಿಕರ ಮಕ್ಕಳ ಲಸಿಕೆ ವಿವರ ಬರೆದಿಡುವ ಕಾರ್ಡ್ ಊರಲ್ಲೇ ಉಳಿದಿರುತ್ತದೆ. ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಅಂತ ಕೇಳಿ ಕೇಳಿ ಪಟ್ಟಿ ಮಾಡಿ ಆರೋಗ್ಯ ಕೇಂದ್ರಕ್ಕೆ ಕೊಟ್ಟರು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿದ್ದರೆ ಅವರ ಊರಿನ ಪಿಡಿಒಗೂ ಒಂದು ಅರ್ಜಿ ಹಾಕಿಸುತ್ತೇನೆ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಅವರಿಗೆಂದು ಎತ್ತಿಟ್ಟ ಹಣವಿರುತ್ತದೆ. ಸಿಗುವುದು ಚಿಕ್ಕ ಮೊತ್ತ, ಆದರೂ ಸಿಗುತ್ತದೆ.

ಹಣವನ್ನು ಕೆಲಸ ಮುಗಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಖರ್ಚು ಬರುವುದು ಮೊದಲ ವಾರದಲ್ಲಿ. ಹಾಗಾಗಿ ಅರ್ಧ ಮುಂಗಡ, ನೇರ ಮಗುವಿನ ಖಾತೆಗೆ. ಉಳಿದದ್ದು ವರದಿ ಕೊಟ್ಟ ಮೇಲೆ. ಮುಂಗಡವನ್ನು ಮೇ ಮೂರನೇ ವಾರದೊಳಗೆ ಹಾಕುವುದಕ್ಕೆ ಇನ್ನೊಂದು ಕಾರಣ ಇದೆ. ಎಲ್ಲರಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇವೆ. ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ 2 ಲಕ್ಷದವರೆಗೆ. ಜೂನ್ 1ಕ್ಕೆ ಹೊಸ ವರ್ಷ ಶುರು, ಅದಕ್ಕೆ ಮುಂಚೆ ಬ್ಯಾಂಕಿನವರು ಕಂತು ಕಡಿತ ಮಾಡುತ್ತಾರೆ. ಆಗ ಖಾತೆಯಲ್ಲಿ ಆ ಇಪ್ಪತ್ತು ರೂಪಾಯಿಯೂ ಇಲ್ಲದ ಮಕ್ಕಳು ನಮ್ಮಲ್ಲಿದ್ದಾರೆ.